ಬೆಲ್ಟಿಗೆ ಉಣಿಸಿದ ಎಣ್ಣೆ

ನನ್ನದು ಆಲೂರು ಕಡೆಯ ಬಾಯಿ. ಮದುವೆಯಾಗಿ ಹೆತ್ತೂರಿನಾಚೆ ಎಸ್ಟೇಟಿಗೆ ಬಂದ ಮೊದಲ ವಾರದಲ್ಲೇ ಕೂಲಿಯವರ ಮನೆಸಾಲಿನ, ಅಂದರೆ ಲೈನಿನ, ಹೆಂಗಸರು, ಇಂಜಿನ್ನಿನವನ ಹೆಂಡತಿಯ ಬಾಯಿ ಇಂಜಿನ್ನಿಗಿಂತ ಜೋರು ಎಂದು ಹೆಸರಿಟ್ಟರು. ನಾನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂದು ನಮ್ಮವ್ವ ಹೇಳಿಯೇ ಕಳಿಸಿದ್ದಳು. ಆದರೆ ಆ ಬಾಯಿ ನಿಜ ಹೇಳಲೇಬೇಕಾಗಿದ್ದ ಒಂದು ಮಧ್ಯಾಹ್ನ ಒಂದು ಸುಳ್ಳು ಹೇಳಿ ಮುಚ್ಚಿಕೊಂಡಿತು. ನಮ್ಮ ಯಜಮಾನರ ಬಲಗೈ ಹೋದದ್ದು ಆ ಸುಳ್ಳಿನಿಂದ. ಅವರಿಲ್ಲದ ಈ ಕಾಲದಲ್ಲಾದರೂ ಅದನ್ನು ಬರೆದಿಡಬೇಕು ಅನ್ನಿಸಿದೆ.

ಎಸ್ಟೇಟು ಹೆತ್ತೂರಿನಿಂದ ಹೊಂಗಡಹಳ್ಳದ ಕಡೆ ಹೋಗುವ ದಾರಿಯಲ್ಲಿತ್ತು. ಯಜಮಾನರು ಅಲ್ಲಿ ಪಲ್ಪರ್ ಮನೆಯ ಇಂಜಿನ್ ನೋಡಿಕೊಳ್ಳುತ್ತಿದ್ದರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರಕ್ಕೆ ಪಲ್ಪರ್ ಎನ್ನುತ್ತಾರೆ. ಅದು ತಾನಾಗಿ ತಿರುಗುವುದಿಲ್ಲ. ಹತ್ತಡಿ ದೂರದಲ್ಲಿ ಇಂಜಿನ್, ಈ ಕಡೆ ಪಲ್ಪರ್, ಎರಡರ ಗಾಲಿಗೂ ಸೇರಿಸಿ ಅಂಗೈಯಗಲದ ಒಂದು ಉದ್ದನೆಯ ಬೆಲ್ಟು. ಇಂಜಿನ್ನಿನ ಬಲವೆಲ್ಲ ಆ ಬೆಲ್ಟಿನ ಮೇಲೆಯೇ ನಡೆದುಕೊಂಡು ಈ ಕಡೆಗೆ ಬರಬೇಕು. ಬೆಲ್ಟು ಬಿಗಿಯಾಗಿದ್ದರೆ ಕೆಲಸ, ಸಡಿಲವಾದರೆ ಗಾಲಿಯ ಮೇಲೆ ಸುಮ್ಮನೆ ಜಾರುತ್ತ ಕಿರುಚುತ್ತದೆ. ಮಧ್ಯಾಹ್ನದ ಮೇಲೆ ಹಣ್ಣು ಬಂದು ಬೀಳಲು ಶುರುವಾದರೆ ಕತ್ತಲಾಗುವವರೆಗೆ ಇಂಜಿನ್ ನಿಲ್ಲಿಸುವ ಹಾಗಿಲ್ಲ. ಕೊಯ್ದ ಹಣ್ಣನ್ನು ಆವತ್ತೇ ಸುಲಿಯದಿದ್ದರೆ ರಾಶಿಯೊಳಗೇ ಬಿಸಿಯೇರಿ ಹುಳಿ ಬರುತ್ತದೆ.

ಅವರಿಗಿಂತ ಮೊದಲು ಮೂವತ್ತು ವರ್ಷ ಆ ಬೆಲ್ಟನ್ನು ಸಾಕಿದವರು ಮಾವ. ಸಾಕಿದವರು ಎಂದೇ ಬರೆಯುತ್ತೇನೆ, ಬೇರೆ ಮಾತು ಹೊಂದುವುದಿಲ್ಲ. ಆಗಿದ್ದದ್ದು ಚರ್ಮದ ಬೆಲ್ಟು. ಶನಿವಾರ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಮಾವ ಹೊಂಗೆ ಎಣ್ಣೆಗೆ ಚೂರು ಜೇನುಮೇಣ ಹಾಕಿ ಕಾಯಿಸಿ, ಒಳಕ್ಕೆ ಇಳಿಯಲಿ ಎಂದು ಒಂದು ಚಮಚ ಸೀಮೆಎಣ್ಣೆ ಬೆರೆಸಿ, ಬೆಲ್ಟಿನ ಮೈಗೆ ಅಂಗೈಯಿಂದ ತಿಕ್ಕುತ್ತಿದ್ದರು. ಬಾಣಂತಿ ಮನೆಯಲ್ಲಿ ಮಗುವಿಗೆ ಎಣ್ಣೆ ನೀವುವ ಹಾಗೆ, ಮೂಲೆಯನ್ನೂ ಬಿಡದೆ. ಅದಕ್ಕೆ ಅವರು ಎಣ್ಣೆ ಹಚ್ಚುವುದು ಎನ್ನುತ್ತಿರಲಿಲ್ಲ, ಬೆಲ್ಟಿಗೆ ಉಣಿಸುವುದು ಎನ್ನುತ್ತಿದ್ದರು. ಕೊಯ್ಲು ಶುರುವಾಗುವ ದಿನ ಬೆಲ್ಟು ಉಂಡ ಮೇಲೆಯೇ ಮನೆಯವರು ಉಣ್ಣಬೇಕು. ನಾನು ಬಂದ ವರ್ಷ ಹಸಿವು ತಡೆಯಲಾರದೆ ಮೊದಲೇ ಅರ್ಧ ರೊಟ್ಟಿ ತಿಂದದ್ದನ್ನು ನೋಡಿ ಅವರು ನಕ್ಕರು, ಬೈಯಲಿಲ್ಲ. ಆವತ್ತಿನಿಂದ ನಮಗಿಬ್ಬರಿಗೂ ಚೆನ್ನಾಗಿ ಹೊಂದಿತು.

ಮಾವನ ಕಣ್ಣಿಗೆ ಪೊರೆ ಬಂದ ಮೇಲೆ ಇಂಜಿನ್ ಮಗನ ಕೈಗೆ ಬಂತು. ಉಣಿಸುವ ಕೆಲಸ ಮಾತ್ರ ಮಾವನದೇ ಆಗಿ ಉಳಿಯಿತು. ಅದಕ್ಕೆ ಕಣ್ಣು ಬೇಕಾಗಿರಲಿಲ್ಲ. ಬೆಲ್ಟಿನ ಯಾವ ಗೇಣಿನಲ್ಲಿ ಹೊಲಿಗೆಯಿದೆ, ಎಲ್ಲಿ ಅಂಚು ಸವೆದಿದೆ ಎಂದು ಅವರ ಬೆರಳಿಗೆ ಗೊತ್ತಿತ್ತು. ನಾನು ಎಲ್.ಎಸ್. ಪರೀಕ್ಷೆ ಪಾಸಾದವಳು ಎಂದು ಎಸ್ಟೇಟಿನ ಸಾಹುಕಾರರು ಲೈನಿನ ಮಕ್ಕಳಿಗೆ ಅಕ್ಷರ ಕಲಿಸುವ ಕೆಲಸ ಕೊಟ್ಟಿದ್ದರು. ಪಲ್ಪರ್ ಮನೆಯ ಪಕ್ಕದ ಹಳೇ ಸ್ಟೋರೇ ನನ್ನ ಶಾಲೆ. ಶನಿವಾರ ಎಣ್ಣೆ ಕಾಯಿಸಿ ಡಬ್ಬಿಗೆ ಹಾಕಿಕೊಟ್ಟು, ಮಾವನನ್ನು ಕೈಹಿಡಿದು ಕರೆದುಕೊಂಡು ಹೋಗಿ ಬೆಲ್ಟಿನ ಹತ್ತಿರ ಕೂರಿಸಿ ನಾನು ಪಾಠಕ್ಕೆ ಹೋಗುತ್ತಿದ್ದೆ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ಆ ಚರ್ಮದ ಬೆಲ್ಟು ಹೊಲಿಗೆ ಹಾಕಿ ಹಾಕಿ ಭಿಕ್ಷುಕನ ಜೋಳಿಗೆಯಂತಾಗಿತ್ತು. ಸಾಹುಕಾರರು ಹೊಸದನ್ನು ತರಲು ಹೇಳಿದರು. ಯಜಮಾನರು ಎಸ್ಟೇಟ್ ಲಾರಿಯಲ್ಲಿ ಸಕಲೇಶಪುರಕ್ಕೆ ಹೋಗಿ, ಬಿಡಿಭಾಗಗಳ ಅಂಗಡಿಯ ಸಾಬರ ಹತ್ತಿರ ರಬ್ಬರ್ ಬೆಲ್ಟು ತಂದರು. ಒಳಗೆ ಕ್ಯಾನ್‌ವಾಸಿನ ಪದರ, ಮೇಲೆ ಕೆಳಗೆ ರಬ್ಬರು. ಸಾಬರು ಒಳ್ಳೆಯ ಮನುಷ್ಯರು. ಮಾರಿದ ಸಾಮಾನನ್ನು ಮದುವೆ ಮಾಡಿ ಕೊಟ್ಟ ಮಗಳ ಹಾಗೆ ಆಗಾಗ ಬಂದು ವಿಚಾರಿಸುವವರು. ಬೆಲ್ಟು ಹಾಕುವ ದಿನವೂ ಅವರೇ ಬಂದಿದ್ದರು. ನಾನು ಕಾಫಿ ತೆಗೆದುಕೊಂಡು ಹೋದಾಗ ಅವರು ಹೇಳುತ್ತಿದ್ದ ಮಾತು ಕಿವಿಗೆ ಬಿತ್ತು.

"ಮೊದಲ ವಾರ ಸ್ವಲ್ಪ ಉದ್ದ ಆಗ್ತೈತೆ, ಹೆದರಬೇಡ. ಆಮೇಲೆ ನಿಲ್ತೈತೆ. ಒಂದು ಮಾತು ಮಾತ್ರ ನೆನಪಿಟ್ಕೋ ಮಾರಾಯ. ಇದಕ್ಕೆ ಎಣ್ಣೆ, ಗ್ರೀಸು ಏನೂ ತಾಗಿಸಬಾರ್ದು. ಒಣಗಿದ್ದಷ್ಟೂ ಒಳ್ಳೇದು."

ಮಾವ ಅಲ್ಲೇ ಗೋಡೆಗೊರಗಿ ಕೂತಿದ್ದರು. ಎಣ್ಣೆಯ ಡಬ್ಬಿ ಅವರ ತೊಡೆಯ ಮೇಲಿತ್ತು. ಮನೆಗೆ ಬರುವ ದಾರಿಯಲ್ಲಿ ನನ್ನನ್ನು ಕೇಳಿದರು: "ಉಣ್ಣದೆ ದುಡಿಯೋನು ಲೋಕದಲ್ಲಿ ಯಾವನವ್ವ ಇದ್ದಾನೆ?" ನಾನು, ಕಾಲ ಬದಲಾಗಿದೆ ಮಾವ ಎಂದು ಏನೋ ಒಂದು ಅಂದೆ. ಬಾಯಿ ಜೋರಿದ್ದವರಿಗೆ ಉತ್ತರ ಯಾವಾಗಲೂ ಸಿದ್ಧ, ಅರ್ಥವಿರಬೇಕೆಂದೇನೂ ಇಲ್ಲ.

ಸಾಬರು ಹೇಳಿದಂತೆಯೇ ಆಯಿತು. ಮೊದಲ ವಾರ ಬೆಲ್ಟು ಎರಡು ಮೂರು ಬೆರಳಿನಷ್ಟು ಉದ್ದವಾಯಿತು. ಯಜಮಾನರು ಇಂಜಿನ್ನಿನ ಬುಡದ ಬೋಲ್ಟು ಸಡಿಲಿಸಿ, ಇಂಜಿನ್ನನ್ನೇ ಅಷ್ಟು ಹಿಂದಕ್ಕೆ ಸರಿಸಿ ಬಿಗಿ ಮಾಡಿದರು. ಆಮೇಲೆ ಬೆಲ್ಟು ಇದ್ದಲ್ಲಿಯೇ ನಿಂತಿತು. ಕಿರುಚಾಟವಿಲ್ಲ, ಹೊಲಿಗೆಯಿಲ್ಲ. ಯಜಮಾನರು ಬಹಳ ಖುಷಿಯಾಗಿದ್ದರು.

ಮನೆಯಲ್ಲಿ ಮಾವ ಬಾಡಿಹೋದರು. ಎರಡು ರೊಟ್ಟಿ ತಿನ್ನುತ್ತಿದ್ದವರು ಒಂದಕ್ಕಿಳಿದರು, ಆಮೇಲೆ ಅರ್ಧಕ್ಕೆ. ಶನಿವಾರ ಬಂದರೆ ಬೆಳಿಗ್ಗೆಯೇ ಎದ್ದು ಮುಖ ತೊಳೆದು ಜಗುಲಿಯಲ್ಲಿ ಕೂರುವರು. ಯಾರೂ ಕರೆಯದಿದ್ದಾಗ ಮತ್ತೆ ಒಳಗೆ ಹೋಗಿ ಮಲಗುವರು. ಕಾಯಿಲೆಯೇನೂ ಇರಲಿಲ್ಲ. ಬೇಡವಾದ ಮನುಷ್ಯನಿಗೆ ಇನ್ನೇನು ಕಾಯಿಲೆ ಬೇಕು? ಯಜಮಾನರಿಗೂ ಇದು ಕಾಣುತ್ತಿತ್ತು. ಒಂದು ದಿನ, ಹಳೇ ಚರ್ಮದ ಬೆಲ್ಟನ್ನೇ ತಂದು ಅಪ್ಪನ ಮುಂದೆ ಇಡಲೇ ಎಂದು ನನ್ನನ್ನು ಕೇಳಿದರು. ಬೇಡ, ಅದು ಹೆಣಕ್ಕೆ ಊಟ ಬಡಿಸಿದ ಹಾಗಾಗುತ್ತದೆ ಎಂದೆ.

ನಾಲ್ಕನೆಯ ವಾರ ಇರಬೇಕು, ಮಾವ ಬೆಳಿಗ್ಗೆ ಒಲೆಯ ಹತ್ತಿರ ಬಂದು ನಿಂತರು. ಮಂಡಿ ನೋಯುತ್ತಿದೆ, ಸ್ವಲ್ಪ ಹೊಂಗೆ ಎಣ್ಣೆ ಕಾಯಿಸಿಕೊಡು ಎಂದರು. ಕಾಯಿಸಿದೆ. ಒಂದು ಚೂರು ಜೇನುಮೇಣ ಹಾಕು ಎಂದರು. ಹಾಕಿದೆ. ಆಮೇಲೆ, ಒಂದು ಚಮಚ ಸೀಮೆಎಣ್ಣೆ ಎಂದರು. ಯಾವ ಮಂಡಿಗೂ ಮೇಣ, ಸೀಮೆಎಣ್ಣೆ ಬೇಡವೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಡಬ್ಬಿಗೆ ಸುರಿದು, ಬಿಸಿಯಿದೆ ನೋಡಿ ಎಂದು ಬಟ್ಟೆ ಸುತ್ತಿ ಕೈಗಿಟ್ಟೆ.

ಬೆಳಗಿನ ಹೊತ್ತು ಪಲ್ಪರ್ ಮನೆಯಲ್ಲಿ ಯಾರೂ ಇರುವುದಿಲ್ಲ. ಯಜಮಾನರು ಲೆಕ್ಕ ಬರೆಯುವ ರೈಟರ್ ಜೊತೆ ಹಣ್ಣು ಅಳೆಯುವ ಕಡೆಗೋ ಕಣದ ಕಡೆಗೋ ಹೋಗಿರುತ್ತಾರೆ. ಮಾವ ಬೇಲಿ ಹಿಡಿದು ತಡವರಿಸಿಕೊಂಡು ಹೋದದ್ದು ನನ್ನ ಶಾಲೆಯ ಕಿಟಕಿಯಿಂದ ಕಾಣಿಸಿತು. ಅರ್ಧ ಗಂಟೆ ಕಳೆದು ಹೊರಗೆ ಬಂದಾಗ ಅವರ ನಡಿಗೆಯೇ ಬೇರೆಯಾಗಿತ್ತು. ಆವತ್ತು ಮಧ್ಯಾಹ್ನ ಎರಡು ರೊಟ್ಟಿ ತಿಂದು ಮೂರನೆಯದು ಇದೆಯೇ ಎಂದು ಕೇಳಿದರು. ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ. ಒಂದು ಸಲ ಹಚ್ಚಿದರೆ ಏನಾಗುತ್ತದೆ, ಎಂಟು ಪದರದ ಕ್ಯಾನ್‌ವಾಸು, ಹೆಬ್ಬೆರಳು ದಪ್ಪದ ರಬ್ಬರು, ಮುದುಕನ ಅಂಗೈಯ ಎಣ್ಣೆಗೆ ಕರಗಿಹೋಗುತ್ತದೆಯೇ ಎಂದುಕೊಂಡೆ.

ಒಂದು ಸಲಕ್ಕೆ ನಿಲ್ಲಲಿಲ್ಲ. ಎರಡು ದಿನಕ್ಕೊಮ್ಮೆ ಮಂಡಿ ನೋಯತೊಡಗಿತು. ಚರ್ಮ ವಾರಕ್ಕೊಮ್ಮೆ ಉಂಡರೆ ಸಾಕು ಎನ್ನುತ್ತಿತ್ತಂತೆ, ಇದು ಹಾಗಲ್ಲ. ಒಂದು ದಿನ ಮಾವ ನನಗೆ ಗುಟ್ಟು ಹೇಳುವಂತೆ ಹೇಳಿದರು: "ಎಷ್ಟು ಕೊಟ್ರೂ ಕುಡೀತೈತೆ ಕಣವ್ವ. ಪಾಪ, ಎಷ್ಟು ದಿನದ ಹಸಿವೋ." ನಾನು ಸುಮ್ಮನೆ ಹೂಂ ಎಂದೆ. ಅಲ್ಲಿಗೆ ನಮ್ಮಿಬ್ಬರ ನಡುವೆ ಮಂಡಿಯ ನಾಟಕವೂ ಮುಗಿಯಿತು. ಅವರ ಮೈಯಿಂದ ಬರುತ್ತಿದ್ದ ಹೊಂಗೆಯ ಕಮಟು ವಾಸನೆಗೆ ಮಂಡಿಯೇ ಕಾರಣವೆಂದು ಯಜಮಾನರು ತಿಳಿದಿದ್ದರು. ಪಲ್ಪರ್ ಮನೆಯಲ್ಲಿ ಕೊಳೆತ ಸಿಪ್ಪೆ ಮತ್ತು ಡೀಸೆಲ್ಲಿನ ನಾತದ ಮುಂದೆ ಬೇರೆ ಯಾವ ವಾಸನೆಯೂ ನಿಲ್ಲುತ್ತಿರಲಿಲ್ಲ.

ನಿಂತಿದ್ದ ಬೆಲ್ಟು ಸಂಕ್ರಾಂತಿಯ ಹೊತ್ತಿಗೆ ಮತ್ತೆ ಉದ್ದವಾಗತೊಡಗಿತು. ದಿನಕ್ಕೆ ಒಂದು ಬೆರಳು, ಒಂದೊಂದು ದಿನ ಎರಡು. ಯಜಮಾನರು ಬೆಳಿಗ್ಗೆ ಬಿಗಿ ಮಾಡಿದ್ದು ಸಂಜೆಗೆ ಜೋತುಬೀಳುತ್ತಿತ್ತು. ಇಂಜಿನ್ ಹಿಂದೆ ಸರಿದು ಸರಿದು ಇನ್ನು ಜಾಗವಿಲ್ಲ ಎನ್ನುವಂತಾದಾಗ ಬೆಲ್ಟನ್ನು ಒಂದು ಗೇಣು ಕತ್ತರಿಸಿ, ತುದಿಗಳನ್ನು ಹಲ್ಲಿನಂಥ ಉಕ್ಕಿನ ಕೊಕ್ಕೆಗಳಿಂದ ಮತ್ತೆ ಕೂಡಿಸಿದರು. ನಾಲ್ಕೇ ದಿನ, ಮತ್ತೆ ಅದೇ ಕಥೆ. ರಬ್ಬರಿನ ಮೇಲೆ ಹೆಬ್ಬೆರಳು ಒತ್ತಿದರೆ ಮೊದಲು ಗುರುತೂ ಬೀಳುತ್ತಿರಲಿಲ್ಲ. ಈಗ ಹಸಿ ಹಿಟ್ಟಿನ ಮೇಲೆ ಒತ್ತಿದ ಹಾಗೆ ಗುಳಿ ಬಿದ್ದು, ಎಷ್ಟೋ ಹೊತ್ತು ಹಾಗೇ ಇರುತ್ತಿತ್ತು.

ಅವರು ಸಕಲೇಶಪುರಕ್ಕೆ ಹೋಗುವ ಲಾರಿಯವನ ಕೈಲಿ ಸಾಬರಿಗೆ ಹೇಳಿಕಳಿಸಿದರು. ಇಂಜಿನ್ನಿನಿಂದ ಎಣ್ಣೆ ಸಿಡಿಯುತ್ತಿದೆಯೇ ನೋಡು ಎಂದು ಸಾಬರು ಹೇಳಿಕಳಿಸಿದರು. ಯಜಮಾನರು ಎರಡು ದಿನ ಕೂತು ಹಳೇ ಡಬ್ಬಿಯ ತಗಡನ್ನು ಬಡಿದು ಇಂಜಿನ್ನಿಗೆ ಒಂದು ಮರೆ ಕಟ್ಟಿದರು. ಆ ತಗಡನ್ನು ಎಷ್ಟು ಚಂದವಾಗಿ ಮಡಿಸಿದ್ದರೆಂದರೆ ಅಂಚು ಕೈಗೆ ತಾಗುತ್ತಿರಲಿಲ್ಲ. ಒಂದು ಹನಿಯೂ ಸಿಡಿಯದ ಇಂಜಿನ್ನಿಗೆ ಮರೆ ಕಟ್ಟುತ್ತಿದ್ದ ಅವರ ಬೆನ್ನನ್ನು ನಾನು ಶಾಲೆಯ ಕಿಟಕಿಯಿಂದ ನೋಡುತ್ತ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದೆ.

ಮಾರನೆಯ ಮಧ್ಯಾಹ್ನ ಊಟಕ್ಕೆ ಬಂದರು. ಮಾವ ಜಗುಲಿಯಲ್ಲಿ ನಿದ್ದೆ ಮಾಡುತ್ತಿದ್ದರು. ನಾನು ಸಾರು ಬಡಿಸಲು ಬಗ್ಗಿದ್ದೆ. ಅವರು ತಟ್ಟೆಯನ್ನೇ ನೋಡುತ್ತ ಮೆಲ್ಲಗೆ ಕೇಳಿದರು.

"ನಾನಿಲ್ಲದಾಗ ಅಪ್ಪ ಪಲ್ಪರ್ ಮನೆ ಕಡೆ ಬತ್ತಾನಾ?"

"ಇಲ್ಲ," ಎಂದೆ. "ಅಂಗಳ ದಾಟಾಕೇ ಆಗಾಕಿಲ್ಲ ಅವರಿಗೆ. ಅಷ್ಟು ದೂರ ಎಲ್ಲಿ ಬತ್ತಾರೆ?"

ಅವರು ತಲೆಯೆತ್ತಿ ನನ್ನ ಮುಖ ನೋಡಿದರು, ಆಮೇಲೆ ನನ್ನ ಸೆರಗನ್ನು. ಅನ್ನ ಕಲಸಿ ಊಟ ಮುಗಿಸಿ ಕೈತೊಳೆದು ಹೋದರು. ಮತ್ತೆ ಆ ವಿಷಯ ಎತ್ತಲಿಲ್ಲ. ನಂಬಿದರು ಎಂದುಕೊಂಡೆ. ನನ್ನ ಸುಳ್ಳನ್ನು ಅಷ್ಟು ಸುಲಭವಾಗಿ ನಂಬಿದರಲ್ಲ ಎಂದು ಒಳಗೊಳಗೇ ಕೋಪವೂ ಬಂತು, ಅದನ್ನೂ ಹೇಳಿಬಿಡುತ್ತೇನೆ. ಇನ್ನೆರಡು ಸಲ ಉಣಿಸಲಿ, ಆಮೇಲೆ ಮಾವನಿಗೆ ಹೇಗಾದರೂ ಬುದ್ಧಿ ಹೇಳಿ ನಿಲ್ಲಿಸೋಣ ಎಂದು ಲೆಕ್ಕ ಹಾಕಿದೆ. ಆದರೆ ಮಾವ ರೊಟ್ಟಿ ಕೇಳುವ ದನಿ ಕೇಳಿದಾಗಲೆಲ್ಲ ನಾಳೆ ಹೇಳೋಣ ಅನ್ನಿಸುತ್ತಿತ್ತು.

ಯಜಮಾನರಲ್ಲಿ ಒಂದು ಬದಲಾವಣೆ ಮಾತ್ರ ಕಂಡಿತು. ಪಲ್ಪರಿಗೆ ಹಣ್ಣು ಸುರಿಯುವ ಹೆಂಗಸರು ಮೊದಲು ಬೆಲ್ಟಿನ ಪಕ್ಕದಿಂದಲೇ ಓಡಾಡುತ್ತಿದ್ದರು. ಈಗ ಯಜಮಾನರು ಬಿದಿರಿನ ಗಳ ಅಡ್ಡ ಕಟ್ಟಿ ಯಾರನ್ನೂ ಆ ಕಡೆ ಬಿಡುತ್ತಿರಲಿಲ್ಲ. ದಾಟಿದವರಿಗೆ ಗದರುತ್ತಿದ್ದರು. ಇಂಜಿನ್ನಿನವನಿಗೆ ಇತ್ತೀಚೆಗೆ ಸಿಟ್ಟು ಜಾಸ್ತಿ, ಹೆಂಡತಿ ಕಲಿಸಿರಬೇಕು ಎಂದು ಹೆಂಗಸರು ನನ್ನ ಮುಂದೆಯೇ ನಕ್ಕರು. ನಾನೂ ನಕ್ಕೆ.

ಅದಾಗಿ ವಾರವಿರಬೇಕು. ಸೂರ್ಯ ಇನ್ನೂ ಮುಳುಗಿರಲಿಲ್ಲ. ನಾನು ಶಾಲೆಗೆ ಬೀಗ ಹಾಕುತ್ತಿದ್ದೆ. ಬೆಲ್ಟು ಜಾರುವ ಕಿರುಚಾಟ ಕೇಳುತ್ತಲೇ ಇತ್ತು. ಆವತ್ತು ಹಣ್ಣು ಬಹಳ ಬಂದಿತ್ತು, ರಾಶಿ ಬಾಗಿಲಿನವರೆಗೆ ಬಿದ್ದಿತ್ತು. ಹಿಡಿತ ಬರಲಿ ಎಂದು ಯಜಮಾನರು ಗಾಲಿಯ ಹತ್ತಿರ ಬಗ್ಗಿ ಬೆಲ್ಟಿನ ಮೇಲೆ ರಾಳದ ಪುಡಿ ಉದುರಿಸುತ್ತಿದ್ದರು. ಚರ್ಮದ ಬೆಲ್ಟಾಗಿದ್ದರೆ ಹರಿಯುವ ಮೊದಲು ಒಂದೊಂದೇ ಹೊಲಿಗೆ ಬಿಟ್ಟು ಟಪಟಪ ಎಂದು ಸುಳಿವು ಕೊಡುತ್ತಿತ್ತು. ಇದು ಯಾವ ಸುಳಿವನ್ನೂ ಕೊಡಲಿಲ್ಲ. ಮೆತ್ತಗಾದ ರಬ್ಬರಿನಿಂದ ಉಕ್ಕಿನ ಕೊಕ್ಕೆಗಳು ಒಮ್ಮೆಗೇ ಕಿತ್ತುಬಂದವು. ಹರಿದ ತುದಿ ಅವರ ಕೈಗೆ ಸುತ್ತಿಕೊಂಡು ಗಾಲಿಯೊಳಕ್ಕೆ ಎಳೆದುಕೊಂಡಿತು. ನಾನು ಓಡಿಹೋಗುವಷ್ಟರಲ್ಲಿ ಯಾರೋ ಇಂಜಿನ್ ನಿಲ್ಲಿಸಿದ್ದರು. ಅವರು ಗೋಡೆಗೆ ಒರಗಿ ಕೂತಿದ್ದರು. ಬಿದಿರಿನ ಗಳದ ಈಚೆ ಹೆಂಗಸರು ನಿಂತಿದ್ದರು, ಒಬ್ಬರಿಗೂ ಏನೂ ಆಗಿರಲಿಲ್ಲ.

ಆಸ್ಪತ್ರೆಯಲ್ಲಿ ಬಲಗೈಯನ್ನು ಮಣಿಕಟ್ಟಿನ ಮೇಲೆ ತೆಗೆದರು. ಮೂರನೆಯ ದಿನ ಸಾಬರು ನೋಡಲು ಬಂದರು. ತಾವು ಕೊಟ್ಟ ಮಾಲಿನಿಂದ ಹೀಗಾಯಿತು ಎಂದು ಅವರ ಕಣ್ಣಲ್ಲಿ ನೀರು. ಎಸ್ಟೇಟಿಗೆ ಹೋಗಿ ಹರಿದ ಬೆಲ್ಟಿನ ಒಂದು ತುಂಡು ತಂದಿದ್ದರು. ಬೆರಳಿನಲ್ಲಿ ಅದುಮಿದರು, ಮೂಗಿಗೆ ಹಿಡಿದರು. ಆಮೇಲೆ ಪದರವನ್ನು ಉಗುರಿನಿಂದ ಎಬ್ಬಿಸಿದರೆ ಬಾಳೆಪಟ್ಟೆಯ ಹಾಗೆ ಬಿಟ್ಟುಕೊಂಡಿತು. ಪಕ್ಕದಲ್ಲಿ ಸಾಹುಕಾರರೂ ನಿಂತಿದ್ದರು. ಇದಕ್ಕೆ ಯಾರೋ ಎಣ್ಣೆ ಹಚ್ಚಿದ್ದಾರೆ ಎಂದು ಸಾಬರು ಮೆತ್ತಗೆ ಹೇಳಿದರು. ಈಗ ಹೇಳಬೇಕು, ಈಗಲಾದರೂ ಹೇಳಬೇಕು ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಹಾಸಿಗೆಯಿಂದ ಯಜಮಾನರು ಹೇಳಿದರು: "ನಾನೇ ಹಚ್ಚಿದ್ದೆ ಸಾಬ್ರೆ. ಒಣಗ್ತೈತೇನೋ ಅಂತ."

ಸಾಬರು ಅವರನ್ನು ನಂಬಿದಂತೆ ಕಾಣಲಿಲ್ಲ. ಸಾಹುಕಾರರು ನಂಬಿದರು. ಹೇಳಿದರೂ ಕೇಳದವನಿಗೆ ಇಂಜಿನ್ ಕೊಡುವುದು ಹೇಗೆ ಎಂದರು, ತಪ್ಪೇನಲ್ಲ ಅದು. ಒಂದು ಕೈಯವರಿಗೆ ಕಣ ಕಾಯುವ ಕೆಲಸ ಕೊಟ್ಟರು. ಒಣಗುವ ಕಾಫಿಯ ಸುತ್ತ ಕೋಲು ಹಿಡಿದು ತಿರುಗುವುದು. ಇಂಜಿನ್ನಿನ ಸದ್ದನ್ನು ದೂರದಿಂದ ಕೇಳಿ ಯಾವ ಬೋಲ್ಟು ಸಡಿಲವಾಗಿದೆ ಎಂದು ಹೇಳುತ್ತಿದ್ದ ಮನುಷ್ಯ, ಈಗ ಕೋಳಿ ಓಡಿಸಿಕೊಂಡು ನಿಂತರು. ಎಸ್ಟೇಟಿನಿಂದ ಎಸ್ಟೇಟಿಗೆ ಮಾತು ಹಬ್ಬಿತು. ರಬ್ಬರಿಗೆ ಎಣ್ಣೆ ತಿಕ್ಕಿದ ಜಾಣ ಎಂದು ಹೊಸ ಇಂಜಿನ್ನಿನವನು ಲೈನಿನ ಮುಂದೆ ಆಡಿಕೊಂಡ. ಕೈ ಹೋದದ್ದಕ್ಕಿಂತ ಆ ಹೆಸರು ಅವರನ್ನು ಹೆಚ್ಚು ಕೊಂದಿತು. ಆದರೂ ಒಂದು ಮಾತು ತಿರುಗಿ ಆಡಲಿಲ್ಲ. ನಾನು ಮಾತ್ರ ಒಳಗೇ ಕುದಿದೆ. ತಾವು ಮಾಡದ ತಪ್ಪನ್ನು ಯಾಕೆ ಹೊತ್ತರು? ಅಪ್ಪನ ಮೇಲೆ ಅನುಮಾನ ಬಂದಿರಬೇಕು, ಆತನನ್ನು ಉಳಿಸಲು ಹೊತ್ತರು, ನನ್ನ ಕೈವಾಡ ಅವರಿಗೆ ಗೊತ್ತಿಲ್ಲ ಎಂದು ತಿಳಿದೆ. ಅದೇ ನನ್ನ ನರಕವಾಯಿತು. ಅವರ ಅಂಗಿಯ ಎಡತೋಳಿನ ಗುಂಡಿಯನ್ನು ನಾನು ಹಾಕುವಾಗಲೆಲ್ಲ ಹೇಳಿಬಿಡಬೇಕು ಅನ್ನಿಸುತ್ತಿತ್ತು. ಹೇಳಿದರೆ ಮಾವನೂ ಬಯಲಾಗುತ್ತಾರೆ. ಹೀಗೆ ನೆಪ ಹೇಳಿಕೊಂಡು ಮೂರು ವರ್ಷ ಕಳೆದೆ.

ಮಾವನಿಗೆ ಕೊನೆಯವರೆಗೂ ಎಣ್ಣೆಯೇ ಕಾರಣ ಎಂದು ತಿಳಿಯಲಿಲ್ಲ. ಹೇಳಿದರೂ ನಂಬುತ್ತಿರಲಿಲ್ಲ. ಮಗನೂ ಕದ್ದು ಎಣ್ಣೆ ಹಚ್ಚಿದ್ದನಂತೆ ಎಂದು ಯಾರಿಂದಲೋ ಕೇಳಿ, ಅವರು ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡರು.

"ಅವನೂ ಉಣಿಸ್ದ, ನಾನೂ ಉಣಿಸ್ದೆ. ಆದ್ರೂ ಸಾಲ್ಲಿಲ್ಲ ನೋಡವ್ವ. ಹಸ್ಕೊಂಡೇ ಹರಿದೋಗ್ಬುಡ್ತು."

ನಾನು ಅವರ ಕೈಹಿಡಿದುಕೊಂಡು ಕೂತೆ. ಆ ಅಂಗೈಯಲ್ಲಿ ಇನ್ನೂ ಹೊಂಗೆಯ ವಾಸನೆಯಿತ್ತು. ಮೂರನೆಯ ವರ್ಷದ ಕೊಯ್ಲು ಶುರುವಾಗುವ ಮೊದಲು ಅವರು ತೀರಿಕೊಂಡರು.

ಅವರ ತಿಥಿ ಎಲ್ಲ ಮುಗಿದ ಮೇಲೆ ನನಗೆ ಒಂದು ಹಟ ಹಿಡಿಯಿತು. ಎಣ್ಣೆ ನಿಜವಾಗಿ ಅಷ್ಟು ಮಾಡಬಲ್ಲದೇ? ಸಾಬರು ಹೇಳಿದರು ಸರಿ, ನನ್ನ ಕಣ್ಣಿಗೆ ಕಾಣಬೇಕು. ಮಾಡದೆ ಇದ್ದರೆ ನಾನು ತಪ್ಪಿತಸ್ಥೆಯಲ್ಲ ಎಂಬ ಆಸೆಯೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಹಳೇ ಸೈಕಲ್ ಟ್ಯೂಬಿನಿಂದ ಒಂದೇ ಅಗಲದ ಎರಡು ಪಟ್ಟಿ ಕತ್ತರಿಸಿದೆ. ಒಂದಕ್ಕೆ ಮಾವನ ಡಬ್ಬಿಯಲ್ಲಿ ಉಳಿದಿದ್ದ ಎಣ್ಣೆಯನ್ನು ಕಾಯಿಸಿ ತಿಕ್ಕಿದೆ, ಇನ್ನೊಂದನ್ನು ಒಣಗಿಯೇ ಬಿಟ್ಟೆ. ಎರಡನ್ನೂ ಜಗುಲಿಯ ತೊಲೆಗೆ ಕಟ್ಟಿ, ಸಮತೂಕದ ಎರಡು ಕಲ್ಲು ತೂಗುಬಿಟ್ಟು, ತುದಿ ಎಲ್ಲಿಗೆ ಬಂತೆಂದು ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಗೀಟೆಳೆದೆ.

ಒಣಗಿದ ಪಟ್ಟಿ ಕಲ್ಲು ಕಟ್ಟಿದ ಕೂಡಲೆ ಉದ್ದವಾಯಿತು, ಮೊದಲ ದಿನ ಇನ್ನೂ ಒಂದು ಚೂರು ಜಗ್ಗಿತು, ಆಮೇಲೆ ಹೆಚ್ಚುಕಡಿಮೆ ನಿಂತಿತು. ಮನುಷ್ಯರಲ್ಲೂ ಇಂಥವರಿದ್ದಾರೆ, ಭಾರ ಬಿದ್ದಾಗ ಬಗ್ಗಿ ಆಮೇಲೆ ಅಲ್ಲೇ ನಿಲ್ಲುತ್ತಾರೆ. ಎಣ್ಣೆ ಕುಡಿದದ್ದು ನಿಲ್ಲಲೇ ಇಲ್ಲ. ಮೈ ಊದಿಕೊಂಡು, ದಿನಕ್ಕೊಂದು ಗೀಟು ಕೆಳಗೆ ಇಳಿಯುತ್ತ ಹೋಯಿತು. ಬೆಳಿಗ್ಗೆ ದಿನವೂ ಎಣ್ಣೆ ತಿಕ್ಕುತ್ತಿದ್ದೆ, ಅದೂ ಕುಡಿಯುತ್ತಿತ್ತು. ಶಾಲೆಯ ಮಕ್ಕಳಿಗೆ ಇದೊಂದು ಆಟವಾಯಿತು. ಉಳಿದ ಟ್ಯೂಬನ್ನು ಎಳೆದು ತುಟಿಗೆ ತಾಗಿಸಿಕೊಂಡು, ಎಳೆದರೆ ಬಿಸಿಯಾಗುತ್ತದೆ ಟೀಚರ್ ಎಂದು ಕಂಡುಹಿಡಿದವರೂ ಅವರೇ. ಎಷ್ಟೋ ವರ್ಷದ ಮೇಲೆ ಒಂದು ವಿಜ್ಞಾನದ ಪುಸ್ತಕದಲ್ಲಿ ಓದಿ ತಿಳಿದೆ: ರಬ್ಬರಿನೊಳಗೆ ಕಣ್ಣಿಗೆ ಕಾಣದ ಉದ್ದುದ್ದ ಎಳೆಗಳು ಸಿಕ್ಕುಸಿಕ್ಕಾಗಿ ಸುತ್ತಿಕೊಂಡಿರುತ್ತವಂತೆ. ಎಳೆದರೆ ಬಿಚ್ಚಿಕೊಳ್ಳುತ್ತವೆ, ಬಿಟ್ಟರೆ ಮತ್ತೆ ಸಿಕ್ಕಾಗುತ್ತವೆ. ಎಣ್ಣೆ ಅವುಗಳ ನಡುವೆ ನುಗ್ಗಿದರೆ ಒಂದರ ಮೇಲೊಂದು ಜಾರತೊಡಗುತ್ತವೆ. ಸಿಕ್ಕುಗಟ್ಟಿದ ತಲೆಗೆ ಎಣ್ಣೆ ಹಾಕಿ ಬಾಚಿದ ಯಾವ ಹೆಂಗಸಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿಕ್ಕೇ ಅದರ ಬಲ, ಅದನ್ನು ಬಿಡಿಸಲು ನಾನು ದಿನ ಬಿಟ್ಟು ದಿನ ಎಣ್ಣೆ ಕಾಯಿಸಿಕೊಟ್ಟಿದ್ದೆ.

ಯಜಮಾನರು ಆ ದಿನಗಳಲ್ಲಿ ಕಣದಿಂದ ಬಂದು ಜಗುಲಿಯ ಮೇಲೆ ಕೂತು ಪಟ್ಟಿಗಳನ್ನೂ ಗೀಟುಗಳನ್ನೂ ನೋಡುತ್ತಿದ್ದರು. ಯಾಕೆ ಎಂದು ಒಂದು ದಿನವೂ ಕೇಳಲಿಲ್ಲ. ಒಂಬತ್ತನೆಯ ದಿನ ಅವರು ಕಾಫಿ ಕುಡಿಯುತ್ತಿರುವಾಗಲೇ ಎಣ್ಣೆಯ ಪಟ್ಟಿ ಹರಿದು ಕಲ್ಲು ದೊಪ್ಪೆಂದು ಬಿತ್ತು. ನಾನು ಬೆಚ್ಚಿದೆ. ಅವರು ಬೆಚ್ಚಲಿಲ್ಲ. ಲೋಟ ಕೆಳಗಿಟ್ಟು ಕೇಳಿದರು.

"ಎಣ್ಣೆ ಕಾಯಿಸಿ ಹಚ್ಚಿದ್ಯಾ?"

ಹೂಂ ಎಂದೆ.

"ಅದಕ್ಕೇ. ತಣ್ಣಗಿರೋ ಎಣ್ಣೆ ಇಷ್ಟು ಒಳೀಕೆ ಇಳಿಯಾಕಿಲ್ಲ," ಎಂದರು. ಹರಿದ ಪಟ್ಟಿಯನ್ನು ಎತ್ತಿ ನೋಡಿ, "ಅಪ್ಪನಿಗೆ ಒಲೆ ಹಚ್ಚಾಕೆ ಕಣ್ಣು ಕಾಣ್ತಿರಲಿಲ್ಲ," ಎಂದರು.

ಅಲ್ಲೇ ಹೊಸಲಿನ ಮೇಲೆ ಕೂತೆ. ಯಾವಾಗ ಗೊತ್ತಾಯಿತು ಎಂದು ಕೇಳಿದೆ, ಅಷ್ಟಾದರೂ ಬಾಯಿಂದ ಬಂತು. ನೀನು ಇಲ್ಲ ಎಂದ ದಿನವೇ ಎಂದರು. ಸಾರು ಬಡಿಸಲು ಬಗ್ಗಿದಾಗ ನನ್ನ ಸೆರಗಿನಲ್ಲಿ ಹೊಂಗೆ, ಮೇಣ, ಸೀಮೆಎಣ್ಣೆ ಮೂರೂ ಸೇರಿದ ವಾಸನೆ ಬಂತಂತೆ. ಹುಟ್ಟಿದಾಗಿನಿಂದ ಶನಿವಾರ ಶನಿವಾರ ಕುಡಿದ ವಾಸನೆ ಅದು, ಹೇಗೆ ತಪ್ಪುತ್ತದೆ?

ಹಾಗಾದರೆ ಯಾಕೆ ನಿಲ್ಲಿಸಲಿಲ್ಲ ಎಂದು ನಾನು ಜೋರಾಗಿಯೇ ಕೇಳಿದೆ. ಮೂರು ವರ್ಷದ ಅಳು, ಸಿಟ್ಟು ಎಲ್ಲ ಆ ಒಂದು ಮಾತಿನಲ್ಲಿ ಬಂತು. ಅವರು ಗೋಡೆಯ ಗೀಟುಗಳನ್ನೇ ನೋಡುತ್ತಿದ್ದರು.

"ಅಪ್ಪ ಮೂರು ರೊಟ್ಟಿ ತಿಂತಿದ್ದ ಕಣೆ. ಶಿವರಾತ್ರಿಗೆ ಹಣ್ಣು ಮುಗೀತೈತೆ, ಅಲ್ಲೀ ಗಂಟ ಬೆಲ್ಟು ತಡೀತೈತೆ ಅಂದ್ಕೊಂಡೆ."

ಬಿದಿರಿನ ಗಳ ಅಡ್ಡ ಕಟ್ಟಿದ್ದು ಯಾಕೆಂದು ಆಗ ತಿಳಿಯಿತು. ಬೇರೆ ಯಾರಿಗೂ ಏನೂ ಆಗದಂತೆ ಏರ್ಪಾಡು ಮಾಡಿ, ತಾವೊಬ್ಬರೇ ಆ ಬೆಲ್ಟಿನ ಪಕ್ಕ ನಿಂತಿದ್ದರು.

ಒಣಗಿದ ಪಟ್ಟಿ ಇನ್ನೂ ಕಲ್ಲು ಹೊತ್ತು ತೊಲೆಯಿಂದ ನೇತಾಡುತ್ತಿತ್ತು. ಸಾಕು ತೆಗಿ ಇನ್ನು ಎಂದು ಅವರು ಎದ್ದು ಹೋಗಿ ಎಡಗೈಯಿಂದ ಕಲ್ಲನ್ನು ಎತ್ತಿ ಹಿಡಿದರು. ಗಂಟು ಬಿಚ್ಚಲು ಇನ್ನೊಂದು ಕೈ ಬೇಕಿತ್ತು. ನಾನು ಕಣ್ಣೊರೆಸಿಕೊಂಡು ಹೋಗಿ ಬಿಚ್ಚಿದೆ.